ಪರರ ನಿನ್ನೆ, ನಮ್ಮ ಹಳಹಳಿಕೆ

(ವಾರಾಣಸಿಯಲ್ಲಿ ಕನ್ನಡಿಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಕಾಶಿಯಲ್ಲಿ ಮಾತಾಡಲು ನಿಂತವರು ವೇದಾಂತವನ್ನು ಎತ್ತಿಕೊಳ್ಳುವುದು ವಾಡಿಕೆ. ನಾನು ಎತ್ತಿಕೊಂಡಿರುವುದು ರದ್ದಿ ಕಾಗದದ ವಿಷಯವನ್ನು. ಕಳೆದ ಶತಮಾನದ ನಡುಭಾಗದ ಅಮೆರಿಕನ್ ಪತ್ರಿಕೆಗಳು, ಅವುಗಳ ಬಗೆಗಿನ ಹಳಹಳಿಕೆ, ಅದರಲ್ಲಿ ಕನ್ನಡಿಗರಾದ ನಮ್ಮ ಪಾಲು – ಇಷ್ಟು ನನ್ನ ಮಾತಿನ ವ್ಯಾಪ್ತಿ.

ವರ್ಗಾವಣೆಯ ನೌಕರಿಯಲ್ಲಿರುವ ನಾನು ಹೋದ ಊರಿನಲ್ಲೆಲ್ಲ ಮೊದಲು ಹುಡುಕುವುದು ಹಳೆಯ ಪುಸ್ತಕದ ಅಂಗಡಿಯನ್ನು. ಅಲ್ಲಿ ‘ಲೈಫ್’, ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ಗಳ ಹಳೆಯ ಸಂಚಿಕೆಗಳನ್ನು ಕೈಗೆತ್ತಿಕೊಂಡು ಮೃದುವಾಗುವವರನ್ನು ಕಂಡಿದ್ದೇನೆ. ‘ಪೋಸ್ಟ್’ 1969ರಲ್ಲಿ ನಿಂತಿತು, ‘ಲೈಫ್’ 1972ರಲ್ಲಿ. ಕೊಂಡುಕೊಳ್ಳುವವರಲ್ಲಿ ಹಲವರು ಆಗಿನ್ನೂ ಹುಟ್ಟಿರಲಿಲ್ಲ. ತಾವು ಬಾಳದ ನಾಡಿನ, ತಾವು ಕಾಣದ ಕಾಲಕ್ಕೆ ಹಂಬಲಿಸುವ ಈ ಮನಸ್ಸು ವಿಚಾರಾರ್ಹವಾದುದು.

ಆ ಕಾಲ ನಮ್ಮಲ್ಲಿಗೆ ತಾನಾಗಿ ಬರಲಿಲ್ಲ; ಅದನ್ನು ಕಳುಹಿಸಿಕೊಡಲಾಯಿತು. ಶೀತಲಸಮರದ ದಿನಗಳಲ್ಲಿ ಅಮೆರಿಕದ ವಾರ್ತಾ ಇಲಾಖೆ 1960ರಲ್ಲಿ ‘ಸ್ಪ್ಯಾನ್’ ಆರಂಭಿಸಿತು. ಇನ್ನೊಂದು ಕಡೆಯಿಂದ ‘ಸೋವಿಯತ್ ಲ್ಯಾಂಡ್’ ಕನ್ನಡದಲ್ಲಿಯೇ ಬರುತ್ತಿತ್ತು. ಎರಡು ಮಹಾಶಕ್ತಿಗಳು ನುಣುಪು ಕಾಗದದ ಮೇಲೆ ನಮ್ಮ ಮನಸ್ಸಿಗಾಗಿ ಸೆಣಸುತ್ತಿದ್ದಾಗ, ನಮ್ಮ ಮನೆಗಳಲ್ಲಿ ಆ ಕಾಗದ ಶಾಲಾಪುಸ್ತಕಗಳ ಹೊದಿಕೆಯಾಯಿತು. ಇದನ್ನು ನಾನು ಜನರ ವಿವೇಕವೆಂದೇ ಭಾವಿಸುತ್ತೇನೆ.

ಆದರೆ ಹೊದಿಕೆಗಿಂತ ಆಳಕ್ಕಿಳಿದ ಪ್ರಭಾವವೂ ಉಂಟು. ‘ರೀಡರ್ಸ್ ಡೈಜೆಸ್ಟ್’ ಅಮೆರಿಕದಲ್ಲಿ 1922ರಲ್ಲಿ ಹುಟ್ಟಿತು; ಅದರ ಭಾರತೀಯ ಆವೃತ್ತಿ 1954ರಲ್ಲಿ ಬಂತು. ಎರಡೇ ವರ್ಷಗಳಲ್ಲಿ, ಏಕೀಕರಣದ ವರ್ಷವಾದ 1956ರಲ್ಲಿ, ಹುಬ್ಬಳ್ಳಿಯ ಲೋಕಶಿಕ್ಷಣ ಟ್ರಸ್ಟು ‘ಕಸ್ತೂರಿ’ಯನ್ನು ಹೊರತಂದಿತು. ಅದೇ ಕೈಹಿಡಿಯ ಗಾತ್ರ, ಪುಟದ ಕೊನೆಯ ತುಣುಕುಗಳು, ಕೊನೆಯಲ್ಲೊಂದು ಸಂಗ್ರಹಿಸಿದ ಪುಸ್ತಕ. ಚೌಕಟ್ಟು ಅಮೆರಿಕದ್ದು. ಚಿತ್ರ ಯಾರದು? ದೀರ್ಘಕಾಲ ಅದರ ಸಂಪಾದಕರಾಗಿದ್ದ ಪಾವೆಂ ಆಚಾರ್ಯರು ಉತ್ತರ ಕೊಟ್ಟರು. ವಿಜ್ಞಾನವನ್ನು ಕನ್ನಡದಲ್ಲಿ ಹೇಳುವುದು, ಒಂದು ಪದದ ಹುಟ್ಟನ್ನು ಹುಡುಕುವುದು, ‘ಲಾಂಗೂಲಾಚಾರ್ಯ’ರಾಗಿ ನಗಿಸುವುದು – ಇವುಗಳನ್ನು ಯಾವ ಡೈಜೆಸ್ಟಿನಿಂದಲೂ ಎರವಲು ತರಲಾಗದು. ಎರವಲು ತಂದ ಪಾತ್ರೆಯಲ್ಲಿ ಮನೆಯ ಅಡುಗೆಯಾಯಿತು.

ಇನ್ನೊಂದು ನಿದರ್ಶನ. 1965ರಲ್ಲಿ ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ‘ಅಮರ ಚಿತ್ರ ಕಥೆ’ ಮೊತ್ತಮೊದಲು ಕಾಣಿಸಿಕೊಂಡದ್ದು ಕನ್ನಡದಲ್ಲಿ. ಆ ಮೊದಲ ಹತ್ತು ಪುಸ್ತಕಗಳಲ್ಲಿ ರಾಮನೂ ಇಲ್ಲ, ಕೃಷ್ಣನೂ ಇಲ್ಲ. ಇದ್ದವರು ಸಿಂಡರೆಲ್ಲಾ ಮೊದಲಾದ ಪಾಶ್ಚಾತ್ಯ ಕಥೆಗಳ ಪಾತ್ರಗಳು. ಅನಂತ ಪೈ ಅವರ ಇಂಗ್ಲಿಷ್ ಮಾಲಿಕೆಯಲ್ಲಿ ಕೃಷ್ಣನಿಗೆ ದೊರೆತದ್ದು ಹನ್ನೊಂದನೆಯ ಸಂಖ್ಯೆ. ಭಾರತೀಯತೆಯ ಪ್ರತೀಕವೆಂದು ಹೊಗಳಿಸಿಕೊಂಡ ಮಾಲಿಕೆ ಪಾಶ್ಚಾತ್ಯ ಕಿನ್ನರಲೋಕದ ಬಾಗಿಲಿನಿಂದ, ಅದೂ ಕನ್ನಡದ ಹೊಸ್ತಿಲನ್ನು ದಾಟಿ ಬಂತೆಂಬುದನ್ನು ಶುದ್ಧ ಸ್ವದೇಶಿಯ ಮಾತಾಡುವವರು ಗಮನಿಸಬೇಕು. ಅತ್ತ 1964ರಲ್ಲಿ ‘ಇಂದ್ರಜಾಲ ಕಾಮಿಕ್ಸ್’ ಮೂಲಕ ಬಂದ ಫ್ಯಾಂಟಮ್ ‘ಬೆಂಗಾಲ’ವನ್ನು ಬಿಟ್ಟು ‘ಡೆಂಕಾಲಿ’ಯ ನಿವಾಸಿಯಾಗಬೇಕಾಯಿತು. ಕಾಡಿನ ಜನರನ್ನು ತಲೆಮಾರುಗಳಿಂದ ಕಾಯುವ ಬಿಳಿಯ ದೊರೆಯ ಕಥೆಯನ್ನು, ಬಿಳಿಯ ದೊರೆಗಳನ್ನು ಆಗಷ್ಟೇ ಕಳುಹಿಸಿದ್ದ ನಾವು ಚಪ್ಪರಿಸಿ ಓದಿದೆವು!

ಹಳಹಳಿಕೆಯ ರಾಜಕಾರಣ ಇರುವುದು ಇಲ್ಲಿಯೇ. ನಾರ್ಮನ್ ರಾಕ್‌ವೆಲ್ ‘ಪೋಸ್ಟ್’ಗಾಗಿ ಮುನ್ನೂರಕ್ಕೂ ಹೆಚ್ಚು ಮುಖಪುಟಗಳನ್ನು ಬರೆದರು. ತುಂಬಿದ ಊಟದ ಮೇಜು, ತುಂಟ ಹುಡುಗರು, ಕರುಣಾಳು ವೈದ್ಯ. ಆ ಅಮೆರಿಕದಲ್ಲಿ ಕಪ್ಪುಜನರಿಗೆ ಸೇವಕರ ಜಾಗಕ್ಕಿಂತ ಹೆಚ್ಚಿನದು ದುರ್ಲಭವಾಗಿತ್ತು. ‘ಪೋಸ್ಟ್’ ತೊರೆದ ಬಳಿಕ, 1964ರ ಜನವರಿಯಲ್ಲಿ, ‘ಲುಕ್’ ಪತ್ರಿಕೆಯಲ್ಲಿ ಅದೇ ಕಲಾವಿದರು ಕಾವಲುಗಾರರ ನಡುವೆ ಶಾಲೆಗೆ ನಡೆಯುವ ಒಬ್ಬ ಕಪ್ಪು ಬಾಲಕಿಯನ್ನು ಚಿತ್ರಿಸಿದರು. ಇದಕ್ಕೆ ಒಂದು ವರ್ಷ ಮೊದಲು, ಆ ಸುಭಿಕ್ಷದ ಅಮೆರಿಕವನ್ನು ಒಲ್ಲದ ಕವಿ ಅಲೆನ್ ಗಿನ್ಸ್‌ಬರ್ಗ್ ಇದೇ ಊರಿನ ದಶಾಶ್ವಮೇಧ ಘಾಟಿನ ಬಳಿ ಕೋಣೆ ಹಿಡಿದು, ಮಣಿಕರ್ಣಿಕೆಯ ಚಿತೆಗಳನ್ನು ನೋಡುತ್ತ ಕೂತಿದ್ದರು. ನಮ್ಮವರು ಪತ್ರಿಕೆಗಳಲ್ಲಿ ಅವರ ಊರನ್ನು ಬಯಸುತ್ತಿದ್ದಾಗ ಅವರು ನಮ್ಮ ಊರಿನಲ್ಲಿ ಬಿಡುಗಡೆಯನ್ನು ಅರಸುತ್ತಿದ್ದರು.

ಇದೇ ಮಾತನ್ನು ನಮಗೂ ಅನ್ವಯಿಸಿಕೊಳ್ಳುವ ಪ್ರಾಮಾಣಿಕತೆ ಬೇಕು. ಐವತ್ತು-ಅರವತ್ತರ ದಶಕಗಳ ಕನ್ನಡ ಪತ್ರಿಕೆಗಳ ಅಂಗಳದಲ್ಲಿ ಯಾರು ಕೂತಿದ್ದರು, ಯಾರು ಹೊರಗೆ ನಿಂತಿದ್ದರು? ಎಪ್ಪತ್ತರ ದಶಕದ ‘ಶೂದ್ರ’, ‘ಪಂಚಮ’ಗಳೂ 1979ರ ಬಂಡಾಯ ಸಾಹಿತ್ಯ ಸಂಘಟನೆಯೂ ಕೇಳಿದ್ದು ಈ ಪ್ರಶ್ನೆಯನ್ನೇ. ಹಳೆಯ ಸಂಚಿಕೆಗಳನ್ನು ಉಳಿಸುವುದೆಂದರೆ ಆರತಿ ಎತ್ತುವುದಲ್ಲ; ಸಾಕ್ಷ್ಯವನ್ನು ಕಾಪಾಡುವುದು.

ಆ ಸಾಕ್ಷ್ಯ ಈಗ ಅಪಾಯದಲ್ಲಿದೆ. ಅಗ್ಗದ ಅಚ್ಚುಕಾಗದದಲ್ಲಿ ಹುಳಿಯ ಅಂಶವಿರುತ್ತದೆ; ಹಳದಿಯಾಗಿ, ಮಡಿಸಿದಲ್ಲಿ ಮುರಿದು ಪುಡಿಯಾಗುತ್ತದೆ. ‘ಲೈಫ್’ ಸಂಚಿಕೆಗಳನ್ನು ಅಮೆರಿಕದವರು ಕಾದಿಟ್ಟುಕೊಳ್ಳುತ್ತಾರೆ. ಅವುಗಳಿಗೆ ನಮ್ಮ ಕಣ್ಣೀರು ಬೇಕಿಲ್ಲ. ಹೊರನಾಡಿನ ಕನ್ನಡ ಮನೆಗಳ ಅಟ್ಟದಲ್ಲಿರುವ ‘ಕಸ್ತೂರಿ’, ‘ಸುಧಾ’, ‘ಮಯೂರ’ಗಳನ್ನು ಕಾಯುವವರು ಯಾರು? ಅವುಗಳನ್ನು ಓದಬಲ್ಲ ಕೊನೆಯ ತಲೆಮಾರು ತೀರಿದ ದಿನ, ಮಕ್ಕಳು ತೂಕಕ್ಕೆ ಹಾಕುತ್ತಾರೆ. ಅವರನ್ನು ದೂಷಿಸಿ ಫಲವಿಲ್ಲ. ಓದಲು ಬಾರದ ಕಾಗದ ಯಾರಿಗಾದರೂ ಭಾರವೇ.

ಮಾದರಿಗಾಗಿ ದೂರ ಹೋಗಬೇಕಿಲ್ಲ. 1893ರಲ್ಲಿ ಇದೇ ಕಾಶಿಯಲ್ಲಿ ಶ್ಯಾಮಸುಂದರ ದಾಸ್ ಮತ್ತು ಗೆಳೆಯರು, ಇನ್ನೂ ವಿದ್ಯಾರ್ಥಿಗಳಾಗಿದ್ದಾಗಲೇ, ನಾಗರೀ ಪ್ರಚಾರಿಣೀ ಸಭೆಯನ್ನು ಕಟ್ಟಿದರು. ಮನೆಮನೆಗಳಲ್ಲಿ ಹುಳು ತಿನ್ನುತ್ತಿದ್ದ ಹಿಂದೀ ಹಸ್ತಪ್ರತಿಗಳನ್ನು ಆ ಸಭೆ ಹುಡುಕಿಸಿ ಪಟ್ಟಿ ಮಾಡಿಸಿತು. ಆದುದರಿಂದ ನನ್ನ ಬಿನ್ನಹ ಚಿಕ್ಕದು. ನಿಮ್ಮ ಮನೆಯಲ್ಲಿರುವ ಹಳೆಯ ಕನ್ನಡ ಪತ್ರಿಕೆಗಳ ಹೆಸರು, ತಿಂಗಳು, ವರ್ಷಗಳನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಆ ಪಟ್ಟಿಯನ್ನು ಮಕ್ಕಳಿಂದಲೇ ಬರೆಯಿಸಿರಿ. ಪಟ್ಟಿ ಮುಗಿಯುವ ಹೊತ್ತಿಗೆ ಅವರಿಗೆ ಅಕ್ಷರಗಳೂ ಬಂದಿರುತ್ತವೆ.