ಲೀಗಿನ ಪಟ್ಟಿ ಹೇಳುವ ನೀತಿ



ಕಾಲ್ಚೆಂಡಾಟದಲ್ಲಿ ಕೀರ್ತಿಯನ್ನು ಪಡೆಯಲು ಎರಡು ದಾರಿಗಳುಂಟು: ಕಪ್ಪಿನ ಪಂದ್ಯ ಒಂದು, ಲೀಗ್ ಇನ್ನೊಂದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅಂದಿನವರೆಗೆ ಆ ಕಪ್ಪು ಯಾವ ಭಾರತೀಯ ತಂಡಕ್ಕೂ ದೊರೆತಿರಲಿಲ್ಲ. ಅದು ದಂಡೆತ್ತಿ ಹೋಗಿ ತಂದ ಜಯ. ಲೀಗಾದರೋ ಕೋಟೆಯ ಕಾವಲಿನಂತೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಶ್ರೋತೃಗಳಿಗೆ ಏಳು ಸುತ್ತಿನ ಕೋಟೆಯ ದೃಷ್ಟಾಂತವೇ ಸಾಕು. ಪ್ರತಿಯೊಂದು ಸುತ್ತನ್ನೂ ಕಾಯಬೇಕು. ಗೆದ್ದರೆ 3 ಅಂಕ, ಸಮವಾದರೆ 1, ಸೋತರೆ ಸೊನ್ನೆ.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲನೆಯ ವರ್ಷವೇ ಐ-ಲೀಗಿನ ಪಟ್ಟವನ್ನೇರಿತು. ಮರುವರ್ಷದ ಕಡೆಯ ಪಂದ್ಯ ನಡೆದುದು 2015ರ ಮೇ 31ರಂದು, ಕಂಠೀರವ ಕ್ರೀಡಾಂಗಣದಲ್ಲಿ. ಎದುರಾಳಿ ಮೋಹನ್ ಬಗಾನಿಗೆ 38 ಅಂಕ, ನಮ್ಮವರಿಗೆ 36. ಗೆದ್ದರೆ ಮಾತ್ರ ಪಟ್ಟ. ಜಾನ್ ಜಾನ್ಸನ್ ಗೋಲು ಹೊಡೆದಾಗ ಅದು ಕೈಗೆ ಬಂದಂತೆಯೇ ಇತ್ತು. 87ನೆಯ ನಿಮಿಷದಲ್ಲಿ ಬೆಲ್ಲೊ ರಜಾಕ್ ಅದನ್ನು ಸರಿಗಟ್ಟಿದನು. ಪಟ್ಟಿ 39, 37 ಎಂದು ನಿಂತಿತು. ಎಷ್ಟು ಸುತ್ತಿನ ಕೋಟೆಗಾದರೂ ಒಂದು ಕಿಂಡಿಯ ಭಯವಿದೆಯಷ್ಟೆ!

ಆದರೆ ಆ ನಿಮಿಷವೊಂದನ್ನೇ ನಾವು ದೂರುವುದು ನ್ಯಾಯವಲ್ಲ. ಅದಕ್ಕೆ ಮೊದಲು ನಮ್ಮವರ 6 ಪಂದ್ಯಗಳು ಸಮವಾಗಿದ್ದುವು. ಅವುಗಳಲ್ಲಿ ಎರಡನ್ನು ಗೆದ್ದಿದ್ದರೆ, ಆ ಗೋಲು ಬಿದ್ದರೂ ಪಟ್ಟ ನಮ್ಮದೇ. ಕಡೆಯ ದಿನದ ದುಃಖವು ಬಹುಮಟ್ಟಿಗೆ ನಾವು ಮರೆತ ದಿನಗಳ ಬೆಳೆ. ಈ ನೀತಿಯನ್ನು ಅವರು ಮರೆಯಲಿಲ್ಲವೆಂದು ತೋರುತ್ತದೆ. 2015–16ರಲ್ಲಿ ಪಟ್ಟವನ್ನು ಮರಳಿ ಪಡೆದರು.