ಹೋಗಿದ್ದೆ, ಬಂದಿದ್ದೆ: ಫ್ರೆಂಚ್ ಪೂರ್ಣಭೂತವೂ ಕನ್ನಡದ ‘ಇದ್ದೆ’ಯೂ



ಈ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರು ಕನ್ನಡ ವ್ಯಾಕರಣ ಕಲಿಸಿದವರು. ಅವರ ಹೆಸರಿನ ಉಪನ್ಯಾಸಕ್ಕೆ ಫ್ರೆಂಚ್ ಪಾಠ ಹೇಳುವವನನ್ನು ಕರೆದಿದ್ದೀರಿ. ದೊಡ್ಡ ಮನಸ್ಸು ನಿಮ್ಮದು.

ಫ್ರೆಂಚಿನ ಪೂರ್ಣಭೂತ, ಅಂದರೆ ಪ್ಲ್ಯು-ಕ-ಪಾರ್ಫೆಯ ರಚನೆ ಯಾವ ಪಠ್ಯಪುಸ್ತಕದಲ್ಲೂ ಸಿಗುತ್ತದೆ. ಆವ್ವಾರ್ ಅಥವಾ ಎತ್ರ್ ಎಂಬ ಸಹಾಯಕ ಕ್ರಿಯಾಪದದ ಆಂಪಾರ್ಫೆ (ಅಪೂರ್ಣಭೂತ) ರೂಪ, ಅದರ ಮುಂದೆ ಮುಖ್ಯ ಕ್ರಿಯಾಪದದ ಭೂತಕೃದಂತ. ಹೋಗು, ಬರು, ಹುಟ್ಟು, ಸಾಯು ಮುಂತಾದವಕ್ಕೆ ಎತ್ರ್, ಉಳಿದ ಬಹುಪಾಲಿಗೆ ಆವ್ವಾರ್. ಇಷ್ಟು ಸಾಕು.

ನನ್ನ ತಕರಾರು ಬೇರೆ. ‘ನಿನ್ನೆ ವೈಟ್‌ಫೀಲ್ಡಿಗೆ ಹೋಗಿದ್ದೆ’ ಎಂದು ಹೇಳಬೇಕಾದ ಕಡೆ ವರ್ತೂರಿನ ಹುಡುಗ ‘ಜೆತೆ ಅಲೆ’ ಎಂದು ಪ್ಲ್ಯು-ಕ-ಪಾರ್ಫೆಯಲ್ಲಿ ಬರೆಯುತ್ತಾನೆ. ಸುಮ್ಮನೆ ನಿನ್ನೆಯ ಸುದ್ದಿ ಹೇಳುವಾಗ ಫ್ರೆಂಚಿಗೆ ಬೇಕಾದದ್ದು ಪಾಸೆ ಕೊಂಪೊಜೆ, ‘ಜ ಸ್ವಿ ಅಲೆ’. ಇದು ಹುಡುಗರ ಅಜಾಗರೂಕತೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ಎಲ್ಲರೂ ಒಂದೇ ಜಾಗದಲ್ಲಿ ಎಡವಿದರೆ ಅದನ್ನು ಅಜಾಗರೂಕತೆ ಎನ್ನಲಾದೀತೇ? ದೋಷ ಇರುವುದು ನಾವು ಹೇಳಿಕೊಡುವ ಸಮೀಕರಣದಲ್ಲಿ: ‘ಇದ್ದೆ’ ಬಂದರೆ ಪ್ಲ್ಯು-ಕ-ಪಾರ್ಫೆ.

ಫ್ರೆಂಚಿನದು ಮುಖ್ಯವಾಗಿ ಎರಡು ಭೂತಗಳ ಹಿಂದುಮುಂದಿನ ಲೆಕ್ಕ. ಕನ್ನಡದ ‘ಇದ್ದ’ ಮೊದಲು ಮಾಡುವ ಕೆಲಸ ಅದಲ್ಲ. ‘ಅಣ್ಣ ಊರಿಗೆ ಹೋದ’ ಎಂದರೆ ಇನ್ನೂ ಅಲ್ಲೇ ಇರಬಹುದು; ‘ಹೋಗಿದ್ದ’ ಎಂದರೆ ಹೋಗಿ ಬಂದಾಯಿತು. ‘2015ರಲ್ಲಿ ವರ್ತೂರು ಕೆರೆಯ ಕೋಡಿಯಲ್ಲಿ ನೊರೆ ಎದ್ದಿತ್ತು’ ಎನ್ನುವಾಗ ಎರಡನೆಯ ಘಟನೆ ಯಾವುದಿದೆ? ನೊರೆ ರಸ್ತೆಗೆ ಹಾರಿತು, ಆಮೇಲೆ ಇಳಿಯಿತು. ಆ ಸಂಗತಿಯನ್ನು ಈ ಹೊತ್ತಿನಿಂದ ಕತ್ತರಿಸಿ ಹಿಂದಕ್ಕಿಡುವುದೇ ಆ ‘ಇತ್ತು’ವಿನ ಕೆಲಸ.

ಆ ಸಮೀಕರಣದ ಪರವಾದವರ ಪ್ರಬಲ ಸಾಕ್ಷಿ ‘ನಾನು ಬರುವಷ್ಟರಲ್ಲಿ ಬಸ್ಸು ಹೋಗಿತ್ತು’. ಸರಿ, ಆದರೆ ‘ಬರೋಷ್ಟರಲ್ಲಿ ಬಸ್ಸು ಹೊರಟೋಯ್ತು’ ಅಂತಲೂ ನಾವು ದಿನಾ ಅನ್ನುತ್ತೇವಲ್ಲ. ಯಾವುದು ಮೊದಲು ಎಂಬುದನ್ನು ಅಲ್ಲಿ ಹೇಳುವುದು ‘ಅಷ್ಟರಲ್ಲಿ’. ‘ಅವನು ಹೋದ ಮೇಲೆ ನೀನು ಬಂದೆ’ ಎಂಬಲ್ಲಿ ‘ಇದ್ದ’ದ ಸುಳಿವೇ ಇಲ್ಲ. ‘ಉಂಡು ಬಂದೆ’ ಎಂದರೆ ಆ ‘ಉಂಡು’ವೇ ಸಾಕು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆದರು. ಅವರ ಜಗಳ ಸಂಸ್ಕೃತದ ಅಚ್ಚಿನೊಡನೆ. ನಮ್ಮ ತರಗತಿಗಳಲ್ಲಿ ಈಗ ಕೂತಿರುವುದು ಇಂಗ್ಲಿಷಿನ ಅಚ್ಚು, ಅದರ ಮೂಲಕವೇ ಫ್ರೆಂಚನ್ನೂ ಎರೆಯುತ್ತೇವೆ. ಮೇಷ್ಟ್ರು ಇದ್ದಿದ್ದರೆ ನನ್ನನ್ನು ಇಲ್ಲಿ ತಡೆದು ಇನ್ನೆರಡು ಉದಾಹರಣೆ ಕೇಳುತ್ತಿದ್ದರು.

ಕೊಡುತ್ತೇನೆ, ಎರಡೂ ಭಾಷೆ ಕೂಡುವ ಕಡೆಯಿಂದಲೇ. ‘ಬಂದರೆ’ ಎಂದಾಗ ಇನ್ನೂ ಆಸೆ ಇದೆ, ‘ನೀನು ಬಂದಿದ್ದರೆ’ ಎಂದಾಗ ಕಾಲ ಮೀರಿದೆ. ಫ್ರೆಂಚರೂ ‘ಸಿ ತ್ಯು ಎತೆ ವನ್ಯು’ ಎಂದು ಪ್ಲ್ಯು-ಕ-ಪಾರ್ಫೆಯನ್ನೇ ಹಿಡಿಯುತ್ತಾರೆ. ‘ಹೇಳಿದ್ದೆನಲ್ಲ!’ ಎಂಬ ಆಕ್ಷೇಪಣೆ ಅಲ್ಲಿಯೂ ‘ಜ ತ ಲಾವೆ ದಿ’. ಇನ್ನು ಬಾಗಿಲಲ್ಲಿ ನಿಂತು ‘ಒಂದು ಮಾತು ಕೇಳೋಣ ಅಂತ ಬಂದಿದ್ದೆ’ ಎನ್ನುವವರು ಎಲ್ಲಿಗೂ ವಾಪಸ್ ಹೋಗಿಲ್ಲ, ಕಣ್ಣೆದುರೇ ಇದ್ದಾರೆ. ಕೇಳುವ ಸಂಕೋಚಕ್ಕೆ ತಮ್ಮ ಬರವನ್ನೇ ತುಸು ಹಿಂದಕ್ಕೆ ಸರಿಸಿದ್ದಾರೆ. ಫ್ರೆಂಚ್ ಸೌಜನ್ಯವೂ ಹೀಗೇ: ‘ಜೆತೆ ವನ್ಯು ವು ದಮಾಂದೆ’. ನಮ್ಮ ಮಕ್ಕಳಿಗೆ ಈ ಪಾಠವನ್ನು ನಾನು ಈಗ ಈ ವಾಕ್ಯದಿಂದಲೇ ಆರಂಭಿಸುತ್ತೇನೆ. ಬಸ್ಸಿನ ವಾಕ್ಯಕ್ಕೆ ಸರದಿ ಕೊನೆಯಲ್ಲಿ.