ಅಚ್ಚಿನ ಸಪ್ಪಳ

ಎರೆಹೊಲದ ದಾರಿಯಲ್ಲಿ ಚಕ್ಕಡಿ ಕಿರುಗುಟ್ಟಿದರೆ ಕೀಲೆಣ್ಣೆ ಆರಿತೆಂದು ಬೈಲಹೊಂಗಲ ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ಹರಿಯುವ ಜೀಪು, ಟ್ರಕ್ಕುಗಳ ಮುಂದಿನ ಅಚ್ಚಿಗೂ ಅಂಥದೇ ನುಡಿಯುಂಟು. ಅದನ್ನರಿಯಲು ಕಿವಿಯಷ್ಟೇ ಸಾಲದು. ಸಪ್ಪಳ ಯಾವಾಗ ಹುಟ್ಟಿತು, ಯಾವಾಗ ಅಡಗಿತು ಎಂಬ ವಿವೇಚನೆಯೂ ಬೇಕು.

ವೇಗದೊಡನೆ ಏರುವ ಎಡೆಬಿಡದ ಗುಂಯ್‌ಗುಟ್ಟುವಿಕೆ ಸಾಮಾನ್ಯವಾಗಿ ಗಾಲಿಯ ಬೇರಿಂಗಿನದು. ಜಾಕು ಕೊಟ್ಟು ಗಾಲಿಯನ್ನೆತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಸಡಿಲು ತೋರಿದರೆ, ಕೈಯಿಂದ ತಿರುಗಿಸಿದಾಗ ಒರಟಾಗಿ ಉಜ್ಜಿದರೆ, ಸಂದೇಹ ಬಲವಾಗುತ್ತದೆ. ತಿರುವಿನಲ್ಲಿ ಮಾತ್ರ ಟಕಟಕ ಎಂದರೆ ಗಾಲಿಯ ಬಳಿಯ ಅಚ್ಚಿನ ಜಾಯಿಂಟು ಸವೆದಿರಬಹುದು. ಆಕ್ಸಿಲರೇಟರ್ ಒತ್ತಿದಾಗ ಒಂದು ದನಿ, ಬಿಟ್ಟಾಗ ಇನ್ನೊಂದು ದನಿಯಾದರೆ ಡಿಫರೆನ್ಷಿಯಲ್ಲಿನ ಹಲ್ಲುಗಾಲಿಗಳನ್ನು ನೋಡಬೇಕು.

ಆದರೆ ಎಲ್ಲ ನರಳಾಟವೂ ರೋಗವಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಮಳೆಗಾಲದ ಎರೆಯ ರಾಡಿಯಲ್ಲಿ ಗಾಲಿ ಜಾರಿ ಈ ಅಂತರ ಸರಿಹೋಗುತ್ತದೆ. ರಾಮದುರ್ಗದ ಒಣ ಡಾಂಬರು ರಸ್ತೆಯಲ್ಲಿ ಹಾಗೆ ಜಾರಲಾರದೆ, ಹಳೆಯ ಮಾದರಿಯ ಜೀಪುಗಳ ಅಚ್ಚು ಬಿಗಿದುಕೊಂಡು ನರಳುತ್ತದೆ. ಆಗ ಬೇಕಾದುದು ರಿಪೇರಿಯಲ್ಲ. ಲಿವರನ್ನು ಸರಿಸಿ ಮುಂದಿನ ಅಚ್ಚಿನ ಬಲವನ್ನು ಬಿಡಿಸಿದರಾಯಿತು.

ಉಳಿದ ಸಪ್ಪಳಗಳನ್ನು ಕಡೆಗಣಿಸಲಾಗದು. ಹಳ್ಳದ ನೀರು ಹೊಕ್ಕು ಗ್ರೀಸು ಕೆಟ್ಟ ಬೇರಿಂಗು ಮುರಿದರೆ ಗಾಲಿಯೇ ಕಳಚಬಹುದು. ಭಾರತ ಹುಣ್ಣಿಮೆಯಂದು ಜನರನ್ನು ತುಂಬಿಕೊಂಡು ಸವದತ್ತಿಯ ಯಲ್ಲಮ್ಮನ ಗುಡ್ಡ ಇಳಿಯುವಾಗ ಹಲವರ ಜೀವ ಆ ಬೇರಿಂಗಿನ ಮೇಲೆ ನಿಂತಿರುತ್ತದೆ. ಸಪ್ಪಳ ಕೇಳಿದ ದಿನವೇ ಗಾಲಿ ಎತ್ತಿ ನೋಡುವುದು ಲೇಸು.